ಪರದೇಶಿಯ ಕಿವಿಗೆ ಬಿದ್ದ ‘ಕೋಲೆ’

ಕ್ರಿ.ಶ. 1623ನೆಯ ಇಸವಿಯ ನವೆಂಬರ ತಿಂಗಳಲ್ಲಿ ರೋಮ್ ನಗರದ ಪ್ರವಾಸಿಯೊಬ್ಬನು ಇಕ್ಕೇರಿಯ ಬೀದಿಯಲ್ಲಿ ನಮ್ಮ ಹೆಣ್ಣುಮಕ್ಕಳ ಕೋಲಾಟವನ್ನು ಕಂಡನು. ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿದವನು ತುರ್ಕಿ, ಈಜಿಪ್ತು, ಪರ್ಷಿಯಾಗಳನ್ನು ಸುತ್ತಿ ಹಿಂದುಸ್ಥಾನಕ್ಕೆ ಬಂದಿದ್ದನು. ಪೋರ್ತುಗೀಜರು ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸಿದಾಗ ಇವನೂ ಜೊತೆಗೂಡಿದನು. ಕಾರವಾರ, ಅಂಕೋಲೆಗಳ ಕರಾವಳಿಯನ್ನು ಎಡಕ್ಕೆ ಬಿಟ್ಟು ಹೊನ್ನಾವರದಲ್ಲಿಳಿದು, ಗೇರುಸೊಪ್ಪೆಯ ದಾರಿಯಾಗಿ ಘಟ್ಟವನ್ನೇರಿದನು.

ಕಂಡದ್ದನ್ನು ಅವನು ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ಹಳದಿ, ಬಿಳಿ ಹೂಗಳನ್ನು ಮುಡಿದ ಹುಡುಗಿಯರು ಗುಂಪುಗುಂಪಾಗಿ ಬಂದರು. ಎರಡೂ ಕೈಗಳಲ್ಲಿ ಗೇಣುದ್ದದ ಬಣ್ಣದ ಕೋಲುಗಳು. ವಾದ್ಯದ ತಾಳಕ್ಕೆ ಸರಿಯಾಗಿ ಅವುಗಳನ್ನು ತಾಕಿಸುತ್ತಿದ್ದರು. ಜಾಣೆಯೊಬ್ಬಳು ಒಂದು ನುಡಿ ಹೇಳಿದರೆ ಉಳಿದವರು ‘ಕೋಲೆ, ಕೋಲೆ’ ಎಂದು ಏಳೆಂಟು ಸಲ ಸೊಲ್ಲು ಕೂಡಿಸುತ್ತಿದ್ದರು. ಗೌರಿಯ ಹಬ್ಬವೆಂದೂ ಅವನು ಗುರುತಿಸಿದ್ದಾನೆ. ತಿಂಗಳನ್ನು ನೋಡಿದರೆ ಇದು ಭಾದ್ರಪದದ ಗೌರಿಯಲ್ಲ, ಕಾರ್ತಿಕದ ಗೌರಿ ಹುಣ್ಣಿಮೆಗೆ ಸಂಬಂಧಪಟ್ಟುದಿರಬೇಕು.

ಇಷ್ಟು ಸೂಕ್ಷ್ಮವಾಗಿ ನೋಡಿದವನಿಗೆ ಆ ಒಂದು ಮಾತಿನ ಅರ್ಥ ಮಾತ್ರ ತಿಳಿಯಲಿಲ್ಲ. ಸಂತೋಷದ ಉದ್ಗಾರವಿರಬೇಕೆಂದು ಊಹಿಸಿದನು. ಅದು ಅವರ ಕೈಯಲ್ಲಿದ್ದ ಕೋಲಿನ ಹೆಸರೇ ಎಂದು ಹೇಳುವವರು ಪಕ್ಕದಲ್ಲಿರಲಿಲ್ಲವೆಂದು ತೋರುತ್ತದೆ. ಆದರೂ ಅವನ ಊಹೆ ಪೂರ್ತಿ ಸುಳ್ಳೆನ್ನಲಾಗದು. ಹಾಡಿನಲ್ಲಿ ‘ಕೋಲೆ’ ಎಂಬುದು ಅರ್ಥಕ್ಕಿಂತ ಹೆಚ್ಚಾಗಿ ಒಂದು ಕೆಲಸವನ್ನು ಮಾಡುತ್ತದೆ. ನುಡಿಯನ್ನು ಬಲ್ಲವಳು ಒಬ್ಬಳೇ, ಸೊಲ್ಲು ಎಲ್ಲರದು. ಹಾಡು ಬಾರದವರೂ, ಭಾಷೆ ಬಾರದವರೂ ಎರಡನೆಯ ಸುತ್ತಿಗೆ ಅದನ್ನು ಹಿಡಿಯಬಹುದು. ಪರಸ್ಥಳದವನು ಒಳಗೆ ಬರಲೆಂದು ಹಾಡು ತೆರೆದಿಟ್ಟ ಬಾಗಿಲು ಅದು. ದೆಲ್ಲಾ ವಾಲ್ಲೆ ಆ ಬಾಗಿಲಿನ ಹೊಸ್ತಿಲಲ್ಲಿ ನಿಂತು, ಅದರ ಸದ್ದನ್ನು ಕಾಗದಕ್ಕಿಳಿಸಿದನು.

ಅವನ ಹಡಗು ಹಾದುಹೋದ ಕರಾವಳಿಯಲ್ಲಿಯೂ ಕೋಲಿನ ಕುಣಿತವುಂಟು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳ ಹಾಲಕ್ಕಿ ಒಕ್ಕಲಿಗರು ಫಾಲ್ಗುಣದ ಹುಣ್ಣಿಮೆಯ ಸುಮಾರಿಗೆ ಸುಗ್ಗಿ ಕುಣಿಯುತ್ತಾರೆ. ಗಂಡಸರು ತಲೆಗೆ ಬಣ್ಣಬಣ್ಣದ ತುರಾಯಿ ಕಟ್ಟಿ, ಕೋಲು ಹಿಡಿದು, ಮನೆಮನೆಯ ಅಂಗಳಕ್ಕೆ ಹೋಗುತ್ತಾರೆ. ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ಗುಮಟೆ, ಜಾಗಟೆ, ತಾಳಗಳು ಜೊತೆಗಿರುತ್ತವೆ. ತುರಾಯಿ ಕಟ್ಟುವುದಕ್ಕೆ ನೇಮವುಂಟು. ದಾರಿಹೋಕನು ಅದನ್ನು ಕೇಳಿ ತೊಡುವಂತಿಲ್ಲ. ಹಾಗೆಂದು ಉಳಿದವರು ಬರಿಯ ಪ್ರೇಕ್ಷಕರಲ್ಲ. ಅಂಗಳ ಸಾರಿಸುವವರು, ದೀಪವಿಟ್ಟು ಎದುರುಗೊಳ್ಳುವವರು, ಅಕ್ಕಿ ಕಾಯಿ ಕೊಟ್ಟು ಹರಕೆ ಪಡೆಯುವವರು—ಇವರಿಲ್ಲದೆ ಕುಣಿತ ಮುಂದಿನ ಮನೆಗೆ ಸಾಗದು. ಅಲ್ಲಿ ಸೊಲ್ಲು ಮಾಡುವ ಕೆಲಸವನ್ನು ಇಲ್ಲಿ ಅಂಗಳ ಮಾಡುತ್ತದೆ. ನೋಡಲು ಬಂದವನಿಗೂ ಒಂದು ಪಾಲು ಸಲ್ಲುತ್ತದೆ.

ಈ ಪಾಲು ಈಗ ಕರಗುತ್ತಿದೆಯೆಂಬುದೇ ನನ್ನ ಆತಂಕ. ಉತ್ಸವಗಳ ವೇದಿಕೆಯ ಮೇಲೆ ಸುಗ್ಗಿಯ ತಂಡಕ್ಕೆ ಸಿಕ್ಕುವುದು ಕೆಲವು ನಿಮಿಷ. ಮುಂದೆ ದೀಪಗಳ ಸಾಲು, ಅದರಾಚೆ ಕುರ್ಚಿಗಳ ಸಾಲು. ಕುರ್ಚಿಯಲ್ಲಿ ಕುಳಿತವನು ಮಾಡಬೇಕಾದ ಕೆಲಸವೆಂದರೆ ಚಪ್ಪಾಳೆ. ಅದನ್ನೂ ಈಗ ಫೋನು ಹಿಡಿದ ಕೈ ಮರೆಯುತ್ತದೆ. ವೇದಿಕೆಯಿಂದ ಕಲಾವಿದರಿಗೆ ನಾಲ್ಕು ಕಾಸು, ನಾಲ್ಕು ಊರಿನ ಮನ್ನಣೆ ದೊರೆಯುವುದು ನಿಜ. ಅದನ್ನು ಬೇಡವೆನ್ನಲು ನಾವು ಯಾರು? ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹಾಲಕ್ಕಿಗಳ ಹಾಡಿನ ಹೆಸರು ದೇಶಕ್ಕೆಲ್ಲ ಕೇಳಿಸಿತು. ಆದರೆ 2025ರಲ್ಲಿ ಅವರು ತೀರಿಕೊಂಡಾಗ ಉಳಿದ ಪ್ರಶ್ನೆ ಪ್ರಶಸ್ತಿಯದಲ್ಲ. ಮುಂದಾಳು ನುಡಿ ಎತ್ತಿದಾಗ ಸೊಲ್ಲು ಕೊಡುವವರು ಎಷ್ಟು ಮಂದಿ ಎಂಬುದು. ಅಚ್ಚಾದ ಸಂಗ್ರಹಗಳು ನುಡಿಯನ್ನು ಕಾಪಾಡಬಲ್ಲವು. ಸೊಲ್ಲನ್ನು ಕಾಪಾಡಲು ಮನುಷ್ಯರೇ ಬೇಕು.

ದೆಲ್ಲಾ ವಾಲ್ಲೆಗೆ ಒಂದು ನೆಪವಿತ್ತು. ಅವನು ಹೊರದೇಶದವನು, ರಾಯಭಾರಿಯ ಪರಿವಾರದವನು, ಭಾಷೆ ಅರಿಯದವನು. ಅಂಥವನೂ ಆ ಸೊಲ್ಲನ್ನು ಮರೆಯದೆ ರೋಮಿನವರೆಗೆ ಕೊಂಡೊಯ್ದನು. ಸುಗ್ಗಿಯ ದಿನಗಳಲ್ಲಿ ಅಂಕೋಲೆಯ ಬದಿಗೆ ಪ್ರವಾಸ ಬರುವ ನಗರದ ಕನ್ನಡಿಗರಿಗೆ ಈ ನೆಪಗಳೊಂದೂ ಇಲ್ಲ. ಅವರಿಗೆ ಕೋಲೆಂದರೆ ಏನೆಂದು ಗೊತ್ತು. ಮನೆಯವರು ಕರೆದರೆ ಅಂಗಳದ ಅಂಚಿನಲ್ಲಿ ಕುಳಿತು, ಒಂದು ಕಾಯಿಯನ್ನು ಕೈಯಾರೆ ಕೊಟ್ಟು ಹರಕೆ ಪಡೆದರೆ ಸಾಕು. ಅವರೂ ಕುಣಿತಕ್ಕೆ ಸೇರಿದವರಾಗುತ್ತಾರೆ.