ಊಟದೆಲೆಯ ಮುಂದೆ ಹಳೆಯ ಗಣಕಯಂತ್ರಗಳು

ಮಾಟುಂಗಾ ಸ್ಟೇಷನ್ನಿನ ಬಳಿ, ಮಹಡಿಯ ಮೇಲೆ, ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಬೇರೆ ಬೇರೆ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡುವ ನಾವು ನಾಲ್ಕೈದು ಗೆಳೆಯರು ತಿಂಗಳಿಗೊಂದು ಶನಿವಾರ ಅಲ್ಲಿ ಬಾಳೆಲೆಯ ಮುಂದೆ ಕೂಡುತ್ತೇವೆ. ಎಲೆಯ ಮುಂದೆ ಕುಳಿತ ಮೇಲೆ ಮಾತು ಊರಿನ ಅಡಿಗೆಗೆ ಹೋಗದಿರುವುದುಂಟೆ? ಧಾರವಾಡದವರು ಜೋಳದ ರೊಟ್ಟಿ, ಎಣ್ಣೆಗಾಯಿ ಎಂದರೆ, ಉಡುಪಿ ಕಡೆಯವರು ಪತ್ರೊಡೆಯಿಂದ ಆರಂಭಿಸಿ ಹಲಸಿನೆಲೆಯ ಕೊಟ್ಟೆಕಡುಬಿಗೆ ಬಂದು ನಿಲ್ಲುತ್ತಾರೆ. ಹಾಸನದವರಾದ ನಮಗೆ ಅಮ್ಮನ ಮಾವಿನಕಾಯಿ ಗೊಜ್ಜು. ಇದರಲ್ಲಿ ಯಾರೂ ಯಾರಿಗೂ ಸೋಲುವುದಿಲ್ಲ.

ಕಳೆದ ಸಲ ಮಾತ್ರ ಮಾತು ಬೇರೆ ದಾರಿ ಹಿಡಿಯಿತು. ಅದಕ್ಕೆ ಕಾರಣ ನಮ್ಮ ರಾಯರು. ನಿವೃತ್ತರಾಗಿ ಬಹಳ ವರ್ಷಗಳಾದುವು, ವಯಸ್ಸು ಎಪ್ಪತ್ತೆಂಟು. "ನೀವೆಲ್ಲ ಬಿಸಿ ಊಟದ ಮಾತಾಡುತ್ತೀರಿ. ನನಗೆ ನೆನಪಿರುವುದು ಮೆಷಿನ್ ರೂಮಿನ ತಣ್ಣನೆಯ ಮೊಸರನ್ನ" ಎಂದರು.

ಎಪ್ಪತ್ತರ ದಶಕದಲ್ಲಿ ರಾಯರು ದುಡಿದದ್ದು ಐ.ಬಿ.ಎಂ. 1401 ಎಂಬ ಗಣಕಯಂತ್ರದ ಮೇಲೆ. 1959ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ಯಂತ್ರ, ನಮ್ಮ ರೈಲ್ವೆ ಮೊದಲಾದ ದೊಡ್ಡ ಕಚೇರಿಗಳಲ್ಲಿ ಸಂಬಳದ ಲೆಕ್ಕ, ಸರಕಿನ ಲೆಕ್ಕ ನೋಡಿಕೊಳ್ಳುತ್ತಿತ್ತು. ಹೊರದೇಶಗಳಲ್ಲಿ ಬಳಸಿಬಿಟ್ಟ ಯಂತ್ರಗಳನ್ನೇ ರಿಪೇರಿ ಮಾಡಿ ಇಲ್ಲಿ ಬಾಡಿಗೆಗೆ ಕೊಡುತ್ತಿದ್ದರೆಂಬುದು ಬೇರೆ ಮಾತು. ಯಂತ್ರಕ್ಕೆ ಸೆಕೆಯಾಗಬಾರದೆಂದು ಕೋಣೆಗೆ ಹವಾನಿಯಂತ್ರಣ. ಅದರ ತಂಪು ಅಲ್ಲಿ ದುಡಿಯುವ ಗುಮಾಸ್ತರಿಗೂ ಸಿಕ್ಕಿದ್ದು ಅವರ ಪುಣ್ಯ. ರಾತ್ರಿ ಪಾಳಿಯಲ್ಲಿ ಮನೆಯವರು ಕಟ್ಟಿಕೊಟ್ಟ ಮೊಸರನ್ನ ಬೆಳಗಿನ ತನಕ ಹುಳಿಯಾಗುತ್ತಿರಲಿಲ್ಲ. ಒಗ್ಗರಣೆಯ ಇಂಗಿನ ವಾಸನೆ ಮಾತ್ರ ಮರುದಿನ ಸಾಹೇಬರು ಬರುವವರೆಗೂ ಉಳಿದು, ಬೈಗುಳ ತಿನ್ನಿಸುತ್ತಿತ್ತಂತೆ.

ಆಗ ಎಲ್ಲವೂ ಕಾರ್ಡಿನ ಮೇಲೆ. ಒಂದು ಕಾರ್ಡಿನಲ್ಲಿ 80 ಅಂಕಣ, ಅಂಕಣಕ್ಕೊಂದು ಅಕ್ಷರ, ಅಕ್ಷರಕ್ಕೆ ಇಷ್ಟು ತೂತು ಎಂದು ಲೆಕ್ಕ. ಜಾಗ ಉಳಿಸಲು ವರ್ಷಕ್ಕೆ ಎರಡೇ ಅಂಕಿ. 2000ನೇ ಇಸವಿ ಹತ್ತಿರವಾದಾಗ ಲೋಕವೆಲ್ಲ ಗಾಬರಿಗೊಂಡದ್ದರ ಬೇರು ಈ ಜಿಪುಣತನದಲ್ಲಿದೆ. ಕಾರ್ಡುಗಳ ಕಟ್ಟು ಕೈಜಾರಿ ನೆಲಕ್ಕೆ ಬಿದ್ದರೆ ಗತಿಯೇನು? ಅದಕ್ಕೆಂದೇ ಕಟ್ಟಿನ ಮೇಲಂಚಿಗೆ ಪೆನ್ಸಿಲಿನಿಂದ ಓರೆಗೆರೆ ಎಳೆದಿಡುತ್ತಿದ್ದರು. ಗೆರೆ ಕೂಡಿದರೆ ಕಾರ್ಡುಗಳು ಸರಿಯಾದ ಸಾಲಿಗೆ ಬಂದುವೆಂದು ಅರ್ಥ.

ಇದಕ್ಕೂ ಹಿಂದಿನ ಕಥೆ ನಮ್ಮ ಮುಂಬಯಿಯದೇ. ದೇಶದ ಮೊದಲ ಗಣಕಯಂತ್ರ 1955ರಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂತು, ನಿಜ. ಆದರೆ ಇಲ್ಲಿಯವರೇ ಕಟ್ಟಿದ ದೊಡ್ಡ ಯಂತ್ರವೆಂದರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ 'ಟಿಫ್ರಾಕ್'. ಆರ್. ನರಸಿಂಹನ್ ಅವರ ಮುಂದಾಳುತನದಲ್ಲಿ ಸಿದ್ಧವಾಗಿ 1960ರಲ್ಲಿ ಕೆಲಸಕ್ಕೆ ನಿಂತಿತು. 1962ರಲ್ಲಿ ನೆಹರೂ ಅದಕ್ಕೆ ಹೆಸರಿಟ್ಟರು. ಸುಮಾರು 2,700 ವಾಲ್ವುಗಳು. ನೆನಪಿನ ಶಕ್ತಿ 40 ಬಿಟ್‌ಗಳ 2,048 ಪದಗಳು, ಅಂದರೆ ಇಂದಿನ ಲೆಕ್ಕದಲ್ಲಿ 10 ಕಿಲೋಬೈಟು. ಊಟಕ್ಕೆ ಮೊದಲು ನಮ್ಮ ಧಾರವಾಡದ ಗೆಳೆಯರು ಮೊಬೈಲಿನಲ್ಲಿ ತೆಗೆದ ಎಲೆಯ ಚಿತ್ರದ ಒಂದು ಮೂಲೆಯೂ ಅದರಲ್ಲಿ ಹಿಡಿಸುವುದಿಲ್ಲ! 1964ರಲ್ಲಿ ಅಮೆರಿಕದ ಸಿ.ಡಿ.ಸಿ. 3600 ಬಂದಿತು, ಟಿಫ್ರಾಕ್ ಮೂಲೆ ಸೇರಿತು. ಕಟ್ಟಲು ಹಿಡಿದ ಕಾಲಕ್ಕೂ ಬಾಳಿದ ಕಾಲಕ್ಕೂ ಹೆಚ್ಚು ಅಂತರವಿಲ್ಲ.

1978ರಲ್ಲಿ ಐ.ಬಿ.ಎಂ. ದೇಶ ಬಿಟ್ಟಿತು. 1973ರ ವಿದೇಶಿ ವಿನಿಮಯ ಕಾನೂನಿನಂತೆ ಬಂಡವಾಳದ ಪಾಲು ಇಳಿಸಲು ಅದು ಒಪ್ಪಲಿಲ್ಲ. ಅದು ಬಿಟ್ಟುಹೋದ ಯಂತ್ರಗಳ ಆರೈಕೆ ಸರ್ಕಾರದ ಸಿ.ಎಂ.ಸಿ. ಸಂಸ್ಥೆಯ ಪಾಲಿಗೆ ಬಂತು. "ಮೆಷಿನ್ ಹೋಯಿತು, ಆದರೆ ಇದು ಇದೆ" ಎಂದು ರಾಯರು ಜೇಬಿನಿಂದ ಹಳದಿಗಟ್ಟಿದ ಒಂದು ಕಾರ್ಡು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ತೂತುಗಳನ್ನು ನೋಡಿ ಓದತೊಡಗಿದರು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಐವತ್ತು ವರ್ಷದ ಹಿಂದಿನ ಬರಹವನ್ನು ಕಣ್ಣಿನಿಂದಲೇ ಓದಿಬಿಟ್ಟರು. ನಮ್ಮ ಎದೆ ಚುರುಕ್ಕೆಂದದ್ದು ಆಗ.

2001ರಲ್ಲಿ ಬಿ.ಎಸ್‌ಸಿ. ಮುಗಿಸಿ ಊರು ಬಿಡುವ ಮೊದಲು ಅಮ್ಮನನ್ನು ಅಡಿಗೆಮನೆಯಲ್ಲಿ ಕೂರಿಸಿ, ಒಂದೊಂದಾಗಿ ಹೇಳಿಸಿ ಬರೆದುಕೊಂಡು, ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪು ಮಾಡಿ ಫ್ಲಾಪಿಗೆ ಹಾಕಿದ್ದೆವು. ಒಟ್ಟು ಇಪ್ಪತ್ತಮೂರು ಅಡಿಗೆ. ಕನ್ನಡದಲ್ಲೇ ಟೈಪು ಮಾಡಿದ ಹೆಮ್ಮೆ ಬೇರೆ. ಕನ್ನಡ ಗಣಕಕ್ಕೆ ಹತ್ತಿದ್ದರಲ್ಲೂ ಮುಂಬಯಿಗೆ ಪಾಲುಂಟು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಈ ಊರಿನಲ್ಲೇ ದುಡಿದವರು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸಕ್ಕೆ ತಳಹದಿಯಾಯಿತು. 1998ರಲ್ಲಿ 'ಬರಹ' ಬಂದಿತ್ತು. ಆದರೆ ಆಗಿನ ಕನ್ನಡ ಅಕ್ಷರಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಸಂಕೇತಗಳ ಮೇಲೆ ಹೊದಿಸಿದ ಮುಖವಾಡಗಳು. ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ, ಅದು ಜನಸಾಮಾನ್ಯರ ಕೈಗೆ ಬಂದದ್ದು ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ 'ತುಂಗಾ' ಅಕ್ಷರದ ನಂತರ.

ಅಮ್ಮ 2014ರಲ್ಲಿ ತೀರಿಕೊಂಡರು. ಫ್ಲಾಪಿ ಟ್ರಂಕಿನಲ್ಲೇ ಇತ್ತು. ರಾಯರ ಕಾರ್ಡು ನೋಡಿ ಬಂದ ಮರುವಾರ, ಫ್ಲಾಪಿ ಓದುವ ಪೆಟ್ಟಿಗೆಯೊಂದನ್ನು ಹುಡುಕಿ ತಂದೆವು. ಕರ್ರ್ ಎಂದು ಸದ್ದು ಮಾಡಿ ತೆರೆಯಿತು. ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಂತೆ. ಹಳೆಯ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಕ್ಕೆ ಉಡುಪಿಯ ಗೆಳೆಯರು ಹಾಕಿಕೊಟ್ಟ ಮೇಲೆ ಅಮ್ಮನ ಮಾತು ಮೂಡಿತು: "ಹುಣಿಸೆಹಣ್ಣು ಬೇಡ ಕಣೋ, ಕಾಯಿಯೇ ಹುಳಿ." ಇಪ್ಪತ್ತಮೂರರಲ್ಲಿ ಹದಿನಾಲ್ಕು ಪೂರ್ತಿ ಸಿಕ್ಕವು. ಕೆಲವು ಇಲ್ಲವೇ ಇಲ್ಲ. ಮಾವಿನಕಾಯಿ ಗೊಜ್ಜು "ಬೆಲ್ಲ" ಎಂಬಲ್ಲಿಗೆ ನಿಂತಿದೆ. ಎಷ್ಟು ಎಂಬುದು ಕೆಟ್ಟುಹೋದ ಭಾಗದಲ್ಲಿತ್ತು.

ಊರಿಗೆ ಫೋನು ಮಾಡಿದರೆ ಅಕ್ಕ, "ಒಂದು ಅಚ್ಚು ಸಾಕು" ಎಂದಳು. ಚಿಕ್ಕಮ್ಮ, "ಎರಡು ಹಾಕಪ್ಪ, ಅಕ್ಕನ ಕೈ ಬೆಲ್ಲಕ್ಕೆ ಯಾವತ್ತೂ ಧಾರಾಳ" ಎಂದರು. ಸದ್ಯಕ್ಕೆ ಒಂದೂವರೆ ಹಾಕುತ್ತಿದ್ದೇವೆ. ಹುಳಿ ಇನ್ನೂ ಮುಂದಿದೆ.