ಮಂದಿ ಸಾಲಕ್ಕೆ ದಸ್ಕತ್ತು ಹಾಕಿದ ಹಿರಿಯ: ಡೇವಿಡ್ ಟೇವ್ಸ್

ನಮ್ಮ ಪಾಲಮೂರು ಸೀಮೆಯಲ್ಲಿ ಮೆನ್ನೊನೈಟ್ ಎಂಬ ಹೆಸರು ಹೊಸದೇನಲ್ಲ. ನಿಜಾಮರ ಕಾಲದಲ್ಲೇ ಮೆನ್ನೊನೈಟ್ ಬ್ರದರನ್ ಮಿಷನ್ನಿನವರು ಈ ಕಡೆ ಬಂದು ಶಾಲೆ, ದವಾಖಾನೆ ತೆರೆದರು. ಜಡ್ಚರ್ಲಾದ ಮಿಷನ್ ದವಾಖಾನೆ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಆದರೆ ಈ ಮಂದಿ ಮೂಲತಃ ಎಲ್ಲಿಯವರು, ಊರಿಂದ ಊರಿಗೆ ಯಾಕೆ ಅಲೆದರು ಅಂತ ಕೇಳಿದರೆ ಹೇಳುವವರು ಕಡಿಮೆ. ಆ ಪಂಥದ ಬೇರೊಂದು ಶಾಖೆಗೆ ಸೇರಿದ, ಕೆನಡಾ ದೇಶದಲ್ಲಿ ಬಾಳಿದ ಒಬ್ಬ ಹಿರಿಯನ ಕಥೆ ತಿಳಿದರೆ ಆ ಅಲೆದಾಟವೆಲ್ಲ ತಿಳಿದಂತೆ. ಆತನೇ ಡೇವಿಡ್ ಟೇವ್ಸ್.

ಮೊದಲು ಪಂಥದ ಮಾತು. ಹದಿನಾರನೆಯ ಶತಮಾನದಲ್ಲಿ ಡಚ್ ಸೀಮೆಯ ಮೆನ್ನೊ ಸೈಮನ್ಸ್ ಎಂಬ ಪಾದ್ರಿಯ ಹೆಸರಿನಿಂದ ಇವರಿಗೆ ಮೆನ್ನೊನೈಟರೆಂಬ ಹೆಸರು ಬಂತು. ಇವರ ನಿಯಮ ಮೂರು. ತಿಳಿವಳಿಕೆ ಬಂದ ಮೇಲೆಯೇ ದೀಕ್ಷಾಸ್ನಾನ, ಹಸುಗೂಸಿಗೆ ಇಲ್ಲ. ಆಣೆ ಪ್ರಮಾಣ ಮಾಡುವಂತಿಲ್ಲ. ಆಯುಧ ಹಿಡಿಯುವಂತಿಲ್ಲ. ಮೂರನೆಯ ನಿಯಮವೇ ಇವರನ್ನು ದೇಶದಿಂದ ದೇಶಕ್ಕೆ ಅಟ್ಟಿತು. ಡಚ್ ಸೀಮೆ ಬಿಟ್ಟು ಪ್ರಷ್ಯಾದ ವಿಸ್ತುಲಾ ನದಿಯ ಜೌಗು ನೆಲಕ್ಕೆ ಹೋದರು. ಅಲ್ಲಿಂದ ರಾಣಿ ಕ್ಯಾಥರೀನಳ ಕರೆಯ ಮೇಲೆ 1789ರಿಂದ ರಷ್ಯಾಕ್ಕೆ ಹೋದರು. ಮನೆಯಲ್ಲಿ ಒಂದು ಬಗೆಯ ಹಳ್ಳಿ ಜರ್ಮನ್, ಪ್ರಾರ್ಥನೆಯಲ್ಲಿ ಪುಸ್ತಕದ ಜರ್ಮನ್, ಕಚೇರಿಯಲ್ಲಿ ರಷ್ಯನ್. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹಳೇ ದಸ್ತಾವೇಜಿನಲ್ಲಿ ಉರ್ದು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟೇವ್ಸ್ ಹುಟ್ಟಿದ್ದು 1870ರಲ್ಲಿ, ವೋಲ್ಗಾ ನದಿಯ ಹತ್ತಿರದ ಟ್ರಾಕ್ಟ್ ವಸಾಹತಿನ ಲೈಸಾಂಡರ್‌ಹೋ ಎಂಬ ಹಳ್ಳಿಯಲ್ಲಿ. ಆತ ಕೂಸಾಗಿದ್ದಾಗಲೇ, 1874ರಲ್ಲಿ, ರಷ್ಯಾದ ಸರ್ಕಾರ ಎಲ್ಲರೂ ಸೈನ್ಯ ಸೇರಬೇಕೆಂದು ಕಾಯಿದೆ ಮಾಡಿತು. ಮೆನ್ನೊನೈಟರಿಗೆ ಬಂದೂಕಿನ ಬದಲು ಕಾಡಿನ ಕೆಲಸ ಕೊಡುತ್ತೇವೆಂದರೂ ಹಲವರಿಗೆ ಸಮಾಧಾನವಾಗಲಿಲ್ಲ. ಸಾವಿರಾರು ಮಂದಿ ಅಮೆರಿಕಕ್ಕೆ ಹೋದರು. ಟ್ರಾಕ್ಟಿನ ಕೆಲವರು ಮಾತ್ರ ಕ್ಲಾಸ್ ಎಪ್ ಎಂಬಾತನ ಮಾತು ನಂಬಿ ಪೂರ್ವದಿಕ್ಕಿಗೆ ಹೊರಟರು. ಕ್ರಿಸ್ತನು ಮರಳಿ ಬರುವ ದಿನ ಹತ್ತಿರವಿದೆ, ಆಶ್ರಯ ಸಿಗುವುದು ಮಧ್ಯ ಏಷ್ಯಾದಲ್ಲೇ ಎಂದು ಆತ ಸಾರುತ್ತಿದ್ದ. ಟೇವ್ಸ್ ಮನೆತನವೂ ಆ ಗಾಡಿಸಾಲಿನಲ್ಲಿ ಸೇರಿತು. ಮರಳುಗಾಡು ದಾಟಿ ತಾಷ್ಕೆಂಟ್, ಅಲ್ಲಿಂದ ಖೀವಾ ರಾಜ್ಯ. ದಾರಿಯಲ್ಲಿ ಕೂಸುಗಳನ್ನು ಮಣ್ಣು ಮಾಡಿದ ತಾಯಂದಿರು ಎಷ್ಟೋ ಮಂದಿ. ಖೀವಾದಲ್ಲಿ ದರೋಡೆಗಾರರ ಕಾಟ. ಕೊನೆಗೆ 1884ರಲ್ಲಿ ಕೆಲವು ಮನೆತನಗಳು ಎಪ್‌ನ ಕೈಬಿಟ್ಟು ಅಮೆರಿಕದ ಕಾನ್ಸಾಸ್ ಪ್ರಾಂತಕ್ಕೆ ಹೋದವು. ಡೇವಿಡ್‌ಗೆ ಆಗ ಹದಿನಾಲ್ಕು ವರ್ಷ. ನೆಲೆಯಿಲ್ಲದೆ ತಿರುಗುವ ಕಷ್ಟ ಏನೆಂಬುದನ್ನು ಆತ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ಕಾನ್ಸಾಸ್‌ನಲ್ಲಿ ಓದಿ ಮಾಸ್ತರನಾಗಿ 1893ರಲ್ಲಿ ಕೆನಡಾದ ಮ್ಯಾನಿಟೋಬಾಕ್ಕೆ, ಆಮೇಲೆ ಸಸ್ಕಾಚೆವಾನ್ ಸೀಮೆಗೆ ಬಂದರು. ರೋಸ್ಥರ್ನ್ ಎಂಬ ಸಣ್ಣ ಪಟ್ಟಣದಲ್ಲಿ 1905ರಲ್ಲಿ ಶುರುವಾದ ಜರ್ಮನ್-ಇಂಗ್ಲಿಷ್ ಅಕಾಡೆಮಿಯಲ್ಲಿ ಪಾಠ ಹೇಳಿದರು, ಅದರ ಮುಖ್ಯಸ್ಥರೂ ಆದರು. ಮನೆಮಾತು ಉಳಿಯಬೇಕು, ರಾಜ್ಯದ ಮಾತೂ ಬರಬೇಕು ಎಂಬುದು ಅವರ ನಿಲುವು. ಎಲ್ಲರಿಗೂ ಅದು ಒಪ್ಪಿಗೆಯಾಗಲಿಲ್ಲ. ಇಂಗ್ಲಿಷ್ ಶಾಲೆ ಕಡ್ಡಾಯವಾದಾಗ ಹಳೇ ಕಟ್ಟಿನ ಮೆನ್ನೊನೈಟರು ದಂಡ ತೆತ್ತರು, ಬೇಸತ್ತು 1922ರಿಂದ ಸಾವಿರಾರು ಮಂದಿ ಮೆಕ್ಸಿಕೊಕ್ಕೆ ಗುಳೆ ಎದ್ದರು.

1913ರಲ್ಲಿ ಟೇವ್ಸ್ ರೋಸೆನೋರ್ಟ್ ಸಭೆಯ ಹಿರಿಯರಾದರು. ಹಿರಿಯ ಎಂದರೆ ಬರೀ ವಯಸ್ಸಾದವನಲ್ಲ, ಅದೊಂದು ಪದವಿ. ದೀಕ್ಷಾಸ್ನಾನ ಕೊಡುವುದು, ಪ್ರಭುಭೋಜನ ನಡೆಸುವುದು ಹಿರಿಯನ ಕೆಲಸ. ರೂಢಿಯಲ್ಲಿ ಅದಕ್ಕೆ ಸಂಬಳವಿಲ್ಲ. ಸಭೆಯ ಮಂದಿ ಬೇರೆ ಬೇರೆ ಹಳ್ಳಿಗಳಲ್ಲಿ ಚದುರಿದ್ದರಿಂದ ಹಿರಿಯನಿಗೆ ತಿರುಗಾಟ ತಪ್ಪದು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ರೋಸ್ಥರ್ನ್ ಹತ್ತಿರದ ಲೇರ್ಡ್ ಸುತ್ತಮುತ್ತ ಯಂಗ್ ಚಿಪ್ಪೆವಯನ್ ಎಂಬ ಮೂಲನಿವಾಸಿ ಪಂಗಡಕ್ಕೆಂದು ಒಪ್ಪಂದದ ಪ್ರಕಾರ ಬಿಟ್ಟ ನೆಲವಿತ್ತು. ಸರ್ಕಾರ 1897ರಲ್ಲಿ ಅವರನ್ನು ಕೇಳದೆಯೇ ಅದನ್ನು ಕಿತ್ತುಕೊಂಡು ಹೊಸದಾಗಿ ಬಂದ ಒಕ್ಕಲುಗಳಿಗೆ ಹಂಚಿತು. ಪಡೆದವರಲ್ಲಿ ಮೆನ್ನೊನೈಟರೂ ಇದ್ದರು. ನೆಲೆ ಕಳಕೊಂಡು ಬಂದವರಿಗೆ ಸಿಕ್ಕ ನೆಲೆ ಇನ್ನೊಬ್ಬರು ಕಳಕೊಂಡದ್ದು. ಆಶ್ರಯದ ಕಥೆ ಬರೆಯುವಾಗ ಇದನ್ನೂ ಬರೆಯಬೇಕು.

ಮೊದಲ ಮಹಾಯುದ್ಧ ಬಂತು. ಜರ್ಮನ್ ಮಾತಾಡುವವರು, ಬಂದೂಕು ಹಿಡಿಯದವರು ಎಂದು ಕೆನಡಾದಲ್ಲಿ ಇವರ ಮೇಲೆ ಸಿಟ್ಟು ಬೆಳೆಯಿತು. 1919ರಲ್ಲಿ ಸರ್ಕಾರ ಮೆನ್ನೊನೈಟರು ದೇಶದೊಳಗೆ ಬರಕೂಡದೆಂದು ಆಜ್ಞೆ ಮಾಡಿತು. ಅದೇ ಹೊತ್ತಿಗೆ ರಷ್ಯಾದಲ್ಲಿ ಉಳಿದವರ ಗತಿ ಕೆಟ್ಟಿತ್ತು. ಕ್ರಾಂತಿ, ಅಂತರ್ಯುದ್ಧ, ಮಖ್ನೋನ ಪಡೆಗಳ ಲೂಟಿ ಕೊಲೆ, ವಿಷಮಜ್ವರ, ಅದರ ಮೇಲೆ 1921-22ರ ಬರಗಾಲ. ಬಾಗಿಲು ತೆಗೆಯಿರೆಂದು ಅಲ್ಲಿಂದ ಮೊರೆ ಬಂತು. ಟೇವ್ಸ್ ಮತ್ತು ಜೊತೆಯವರು ಒಟಾವಾಕ್ಕೆ ಅಲೆದು ಮನವಿ ಮಾಡಿದರು. ಮೆಕೆಂಜಿ ಕಿಂಗ್ ಪ್ರಧಾನಿಯಾದ ಮೇಲೆ 1922ರ ಜೂನ್‌ನಲ್ಲಿ ಆ ಆಜ್ಞೆ ರದ್ದಾಯಿತು. ಆದರೆ ಷರತ್ತುಗಳಿದ್ದವು. ಬರುವವರು ಒಕ್ಕಲುತನ ಮಾಡಬೇಕು, ಇಲ್ಲಿನ ಮೆನ್ನೊನೈಟರೇ ಅವರಿಗೆ ಅನ್ನ ಆಸರೆ ಕೊಡಬೇಕು, ಸರ್ಕಾರದ ಮೇಲೆ ಭಾರ ಬೀಳಬಾರದು.

ಬಾಗಿಲೇನೋ ತೆರೆಯಿತು. ಹಡಗಿನ ಚಾರ್ಜು ಕೊಡುವವರು ಯಾರು? ರಷ್ಯಾದವರ ಕೈಯಲ್ಲಿ ಕಾಸಿಲ್ಲ. ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಸಾಲದ ಮೇಲೆ ಕರೆತರಲು ಒಪ್ಪಿತು. ಅದು ಬರೀ ದಾನಬುದ್ಧಿಯಲ್ಲ. ಕಂಪನಿಗೆ ಹಡಗೂ ಇತ್ತು, ರೈಲೂ ಇತ್ತು, ಪಶ್ಚಿಮದಲ್ಲಿ ಮಾರದೆ ಉಳಿದ ನೆಲವೂ ಇತ್ತು. ದುಡಿಯುವ ಒಕ್ಕಲು ಬೇಕಾಗಿತ್ತು. ಆದರೆ ಕಂಪನಿ ಜಾಮೀನು ಕೇಳಿತು. ವಲಸೆ ಮಂಡಳಿಯ ಅಧ್ಯಕ್ಷರಾಗಿ ಟೇವ್ಸ್ ಸಮಾಜದ ಪರವಾಗಿ ಒಪ್ಪಂದಕ್ಕೆ ದಸ್ಕತ್ತು ಹಾಕಿದರು.

ಆಗ ತಮ್ಮವರಿಂದಲೇ ವಿರೋಧ ಎದ್ದಿತು. ನಮ್ಮನ್ನು ಕೇಳದೆ ನಮ್ಮ ಹೊಲ ಮನೆ ಒತ್ತೆಯಿಟ್ಟಂತಾಯಿತು, ನಾಳೆ ಅವರು ಕಟ್ಟದಿದ್ದರೆ ನಮ್ಮ ಗತಿಯೇನು ಅಂತ ಹಲವು ಸಭೆಗಳು ತಿರುಗಿ ನಿಂತವು. ಅವರ ಮಾತೂ ಸುಳ್ಳಲ್ಲ ನೋಡ್ರಿ. ಜಾಮೀನು ನಿಂತು ಎತ್ತು ಗಾಡಿ ಕಳಕೊಂಡವರು ನಮ್ಮ ಹಳ್ಳಿಗಳಲ್ಲೂ ಕಡಿಮೆಯಿಲ್ಲ. ಟೇವ್ಸ್ ಸಾಹುಕಾರರಲ್ಲ. ಅವರಲ್ಲಿ ಇದ್ದದ್ದು ಮಾತು ಮತ್ತು ಮಂದಿಯ ಮೇಲಿನ ನಂಬಿಕೆ, ಅಷ್ಟೇ.

1923ರ ಜುಲೈ 21ರಂದು ಮೊದಲ ತಂಡ ರೋಸ್ಥರ್ನ್ ಸ್ಟೇಷನ್ನಿಗೆ ಬಂದಿಳಿಯಿತು, ಏಳುನೂರಕ್ಕೂ ಹೆಚ್ಚು ಮಂದಿ. ಊರವರು ಗಾಡಿ ಕಟ್ಟಿಕೊಂಡು ಬಂದು ಅವರನ್ನು ಮನೆಮನೆಗೆ ಕರೆದೊಯ್ದರು. 1930ರ ಹೊತ್ತಿಗೆ ಸುಮಾರು 20,000 ಮಂದಿ ಬಂದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲದ ಮೇಲೆ ಬಂದವರು. ಸಾಲದ ಅಸಲು ಸುಮಾರು 17 ಲಕ್ಷ ಡಾಲರ್ ಮುಟ್ಟಿತು. ಟ್ರಕೋಮಾ ಎಂಬ ಕಣ್ಣಿನ ರೋಗವಿದ್ದವರನ್ನು ದಾರಿಯಲ್ಲೇ, ಜರ್ಮನಿ ಇಂಗ್ಲೆಂಡುಗಳಲ್ಲಿ ತಡೆದು ನಿಲ್ಲಿಸುತ್ತಿದ್ದರು. ಗಂಡ ಮುಂದೆ, ಹೆಂಡತಿ ಹಿಂದೆ ಎಂಬಂತೆ ಸಂಸಾರಗಳು ಒಡೆದವು. ಆ ಪತ್ರವ್ಯವಹಾರವೆಲ್ಲ ಮಂಡಳಿಯ ತಲೆಯ ಮೇಲೆ.

1926ರಲ್ಲಿ ಟೇವ್ಸರ ಮನೆ ಬೆಂಕಿಗೆ ಆಹುತಿಯಾಗಿ ಮಗಳೊಬ್ಬಳು ತೀರಿಕೊಂಡಳು. ಆ ದುಃಖದ ನಡುವೆಯೂ ಕೆಲಸ ನಿಲ್ಲಿಸಲಿಲ್ಲ. 1929ರಲ್ಲಿ ಸಾವಿರಾರು ಮಂದಿ ಮಾಸ್ಕೋ ಅಂಚಿಗೆ ಬಂದು ಬಿಡುಗಡೆಗಾಗಿ ಕಾದರು. ಈ ಸಲ ಕೆನಡಾ ಬಾಗಿಲು ತೆರೆಯಲು ಹಿಂಜರಿಯಿತು. ಕೆಲವರು ಜರ್ಮನಿಗೆ ಹೋಗಿ ಅಲ್ಲಿಂದ ಪರಾಗ್ವೆ, ಬ್ರೆಜಿಲ್ ಸೇರಿದರು, ಉಳಿದವರನ್ನು ಸೋವಿಯತ್ ಸರ್ಕಾರ ಹಿಂದಕ್ಕೆ ಅಟ್ಟಿತು. ಟೇವ್ಸರ ಕೈ ಎಲ್ಲರಿಗೂ ಮುಟ್ಟಲಿಲ್ಲ.

ಆಮೇಲೆ ಗೋಧಿಯ ಧಾರಣೆ ಬಿತ್ತು, ಸಸ್ಕಾಚೆವಾನ್‌ನಲ್ಲಿ ವರ್ಷಗಟ್ಟಲೆ ಬರ. ಅಸಲು ಹೋಗಲಿ, ಬಡ್ಡಿಯನ್ನೂ ಕಟ್ಟಲಾಗದೆ ಹೋಯಿತು. ಕಟ್ಟಬಲ್ಲವರಲ್ಲೂ ಕೆಲವರು ಕಟ್ಟಲೊಲ್ಲೆವೆಂದರು. ಟೇವ್ಸ್ ಸಭೆಯಿಂದ ಸಭೆಗೆ ತಿರುಗಿದರು, ಪತ್ರ ಬರೆದರು, ಬೇಡಿದರು, ಬೈಸಿಕೊಂಡರು. ಸಾಲಗಾರರಷ್ಟೇ ಅಲ್ಲ, ಸಾಲವಿಲ್ಲದವರೂ ಪಾಲು ಹಾಕಿದರು. ತೀರಿಹೋದವರ ಸಾಲವನ್ನು ಬದುಕಿದವರು ಹೊತ್ತರು. ಕಂಪನಿಯೂ ಬಡ್ಡಿಯಲ್ಲಿ ದೊಡ್ಡ ಪಾಲನ್ನು ಬಿಟ್ಟುಕೊಟ್ಟಿತು. 1946ರ ನವೆಂಬರ್‌ನಲ್ಲಿ ಸಾಲ ಪೂರ್ತಿ ತೀರಿತು. ಮೂರು ತಿಂಗಳಾದ ಮೇಲೆ, 1947ರ ಫೆಬ್ರವರಿ 25ರಂದು, ಟೇವ್ಸ್ ಕಣ್ಣು ಮುಚ್ಚಿದರು.

ಅತ್ತ ರಷ್ಯಾದಲ್ಲಿ ಉಳಿದವರಲ್ಲಿ ಎಷ್ಟೋ ಗಂಡಸರು 1937-38ರಲ್ಲಿ ಸೆರೆಯಾಗಿ ಮರಳಲಿಲ್ಲ. 1941ರಲ್ಲಿ ಹಳ್ಳಿಗೆ ಹಳ್ಳಿಯನ್ನೇ ಕಜಾಕಿಸ್ತಾನಕ್ಕೆ ಸಾಗಿಸಿದರು. ಅದನ್ನು ಎದುರಿಗಿಟ್ಟು ನೋಡಿದರೆ 1922ರ ದಸ್ಕತ್ತಿನ ಬೆಲೆ ಗೊತ್ತಾಗುತ್ತದೆ.

ದುಡಿಮೆಗಾಗಿ ಊರು ಬಿಡುವುದು ನಮ್ಮ ಪಾಲಮೂರಿನ ಮಂದಿಗೆ ತಲೆತಲಾಂತರದ ಪಾಡು. ಹೋದ ಊರಲ್ಲಿ ಮುಂಗಡ ಕೊಟ್ಟು ಕಟ್ಟಿಹಾಕುವವರು ಸಿಗುತ್ತಾರೆ, ಇವನಿಗೆ ನಾನಿದ್ದೇನೆ ಎನ್ನುವವರು ಸಿಗುವುದು ಅಪರೂಪ. ಸಾಲ ಒಬ್ಬರದು, ದಸ್ಕತ್ತು ಒಬ್ಬರದು, ತೀರಿಸಿದ್ದು ಒಂದು ಸಮಾಜ. ವಿರೋಧಿಸಿದವರಲ್ಲೂ ಕೊನೆಗೆ ಪಾಲು ಹಾಕಿದವರಿದ್ದರು. ಹಿರಿತನ ಎಂದರೆ ಇಂಥದ್ದು.