ಬೀಸುಕಲ್ಲಿನ ಹಾಡಿನಿಂದ ಮಸೀದಿಯ ಅಂಗಳದವರೆಗೆ

ಸೊರಬ ತಾಲ್ಲೂಕಿನ ಜಡೆ ಎಂದೊಡನೆ ನಿಮಗೆ ಅಲ್ಲಿಯ ಸಂಸ್ಥಾನ ಮಠ ನೆನಪಾಗಬಹುದು. ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಸೊರಬ, ಶಿಕಾರಿಪುರ ಸೀಮೆಯ ಕೆರೆಯೇರಿಗಳ ಮೇಲೆ, ಗುಡಿಯಂಗಳಗಳಲ್ಲಿ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳು ನೆನಪಾಗುತ್ತವೆ. ಬಿ.ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳಾಗಿ ಹೊರತಂದಾಗ ನಾಡಿನ ಚರಿತ್ರೆಗೆ ದೊಡ್ಡ ಆಕರವೇ ದೊರೆತಂತಾಯಿತು. ಆದರೆ ಒಂದು ಮಾತನ್ನು ಗಮನಿಸಿ. ಈ ಕಲ್ಲುಗಳಲ್ಲಿ ಹೆಣ್ಣು ಕಾಣಿಸಿಕೊಳ್ಳುವುದು ಹೆಚ್ಚಾಗಿ ಗಂಡನ ಹಿಂದೆ ಪ್ರಾಣ ಬಿಟ್ಟವಳಾಗಿ, ಇಲ್ಲವೇ ದಾನ ಕೊಟ್ಟ ಸಿರಿವಂತೆಯಾಗಿ. ಹೆತ್ತು, ಹಾಲೂಡಿಸಿ, ಬೀಸಿ ಬೇಯಿಸಿ, ದೇವರನ್ನು ನೆನೆದು ಬಾಳಿದ ತಾಯಿಗೆ ಯಾರೂ ಕಲ್ಲು ನೆಡಲಿಲ್ಲ. ಇದೇ ಸೀಮೆಯಲ್ಲಿ ನೆರೆಹೊರೆಯಾಗಿ ಬಾಳಿಕೊಂಡು ಬಂದಿರುವ ಮುಸ್ಲಿಂ ಮನೆಗಳ ತಾಯಂದಿರ ಪಾಲಿಗಂತೂ ಈ ಮಾತು ಇನ್ನೂ ನಿಜ.

ಹಾಗಾದರೆ ಆ ತಾಯಿಯ ಚರಿತ್ರೆಯನ್ನು ಎಲ್ಲಿ ಹುಡುಕಬೇಕು? ಒಂದು ಉತ್ತರ ಬೀಸುಕಲ್ಲಿನ ಬಳಿ ಸಿಗುತ್ತದೆ.

ಆದಿಲ್‌ಶಾಹಿಗಳ ಕಾಲದ ಬಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ಚಿಶ್ತಿ ಪಂಥದ ಸೂಫಿಗಳಿದ್ದರು. ಪಂಡಿತರಿಗಾಗಿ ಗ್ರಂಥಗಳನ್ನು ಬರೆದುದಲ್ಲದೆ, 17ನೆಯ ಶತಮಾನದ ಹೊತ್ತಿಗೆ ಈ ಪರಂಪರೆಯವರು ಜನರಾಡುವ ದಖನಿ ಭಾಷೆಯಲ್ಲಿ ಪುಟ್ಟ ಹಾಡುಗಳನ್ನೂ ಕಟ್ಟಿದರು. ಬೀಸುವಾಗ ಹಾಡುವುದು ಚಕ್ಕಿನಾಮಾ, ನೂಲುವಾಗ ಹಾಡುವುದು ಚರಖಾನಾಮಾ, ತೊಟ್ಟಿಲು ತೂಗುವಾಗ ಹಾಡುವುದು ಲೋರಿನಾಮಾ. ಬೀಸುಕಲ್ಲಿನ ಹಿಡಿಗೂಟವನ್ನು ನೆಟ್ಟಗೆ ನಿಲ್ಲುವ ‘ಅಲಿಫ್’ ಅಕ್ಷರಕ್ಕೆ ಹೋಲಿಸಿ, ಅದರಿಂದ ಅಲ್ಲಾಹನ ನೆನಪು ತರುವುದು ಈ ಹಾಡುಗಳ ರೀತಿ. ಓದು ಬರಹವಿಲ್ಲದ ಹೆಣ್ಣುಮಗಳು ಕೈಯ ಕೆಲಸವನ್ನು ಬಿಡದೆಯೇ ದೇವರ ನಾಮವನ್ನು ನೆನೆಯಲು ಇದು ದಾರಿಯಾಯಿತು. ಕನ್ನಡದ ಮನೆಗಳಲ್ಲಿಯೂ ಕುಟ್ಟುವ, ಬೀಸುವ ಪದಗಳಿದ್ದವಲ್ಲವೇ? ಭಾಷೆ ಬೇರೆಯಾದರೂ ಕಲ್ಲಿನ ಸದ್ದು ಒಂದೇ.

1978ರಲ್ಲಿ ಬಿಜಾಪುರದ ಸೂಫಿಗಳನ್ನು ಕುರಿತು ಗ್ರಂಥ ಪ್ರಕಟಿಸಿದ ಇತಿಹಾಸಕಾರ ರಿಚರ್ಡ್ ಈಟನ್ ಈ ಹಾಡುಗಳಿಗೆ ವಿಶೇಷ ಮಹತ್ವ ಕೊಟ್ಟಿದ್ದಾರೆ. ದಖನ್ನಿನ ಹಳ್ಳಿಗಳಲ್ಲಿ ಇಸ್ಲಾಮಿನ ನಂಬಿಕೆಗಳು ಹಬ್ಬಿದುದರಲ್ಲಿ ಮನೆಯ ಹೆಂಗಸರ ಪಾತ್ರ ದೊಡ್ಡದು ಎಂಬುದು ಅವರ ವಿಚಾರ. ತಾಯಿ ಹಾಡಿದಳು, ಮಡಿಲಲ್ಲಿದ್ದ ಮಗು ಕೇಳಿತು. ಖಡ್ಗದ ಕಥೆ, ಸುಲ್ತಾನರ ಕಥೆ ನಾವು ಶಾಲೆಯಲ್ಲಿ ಓದಿದ್ದೇವೆ. ಈ ಮಡಿಲಿನ ಕಥೆ ಮಾತ್ರ ಪಠ್ಯಪುಸ್ತಕಕ್ಕೆ ಬರಲಿಲ್ಲ.

ಇನ್ನೊಂದು ಆಕರ 1832ರದು. ದಕ್ಷಿಣದ ಮುಸ್ಲಿಮರ ಆಚರಣೆಗಳನ್ನು ವಿವರಿಸುವ ಜಾಫರ್ ಷರೀಫರ ‘ಕಾನೂನೆ ಇಸ್ಲಾಂ’ ಆ ವರ್ಷ ಹರ್ಕ್ಲಾಟ್ಸ್ ಎಂಬ ವೈದ್ಯರ ಅನುವಾದದಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗ್ರಂಥ ಶುರುವಾಗುವುದೇ ಬಸುರಿ ಬಾಣಂತಿಯರಿಂದ. ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳುವುದು, ಅಕೀಕಾ, ನಲವತ್ತನೆಯ ದಿನದ ಚಿಲ್ಲಾ ಸ್ನಾನ, ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನಕ್ಕೆ ಮಗುವಿಗೆ ‘ಬಿಸ್ಮಿಲ್ಲಾ’ ಹೇಳಿಸಿ ಅಕ್ಷರ ತೋರಿಸುವುದು ಇವೆಲ್ಲ ಅಲ್ಲಿವೆ. ಇವುಗಳಲ್ಲಿ ಅನೇಕವನ್ನು ನೀವು ಇಂದಿಗೂ ನಿಮ್ಮ ಊರಿನ ಮುಸ್ಲಿಂ ಮನೆಗಳಲ್ಲಿ ಕಾಣಬಲ್ಲಿರಿ.

ಧರ್ಮವೂ ತಾಯಿಯ ದೇಹದ ಕಷ್ಟವನ್ನು ಅರಿತಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಬಾಣಂತಿಗೆ ನಮಾಜಿನಿಂದ ವಿನಾಯಿತಿ ಇದೆ. ಹಾಲೂಡಿಸುವ ತಾಯಿಗೆ ತನಗೋ ಮಗುವಿಗೋ ತೊಂದರೆಯಾದೀತೆಂಬ ಅಂಜಿಕೆ ಇದ್ದರೆ ರಂಜಾನಿನ ಉಪವಾಸವನ್ನು ಮುಂದಕ್ಕೆ ಹಾಕಲು ಅವಕಾಶವಿದೆ. ಆದರೂ ಸಹರಿಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವಳು ಅವಳೇ.

ಶಾಸ್ತ್ರದ ಆಚೆಗೆ ಹರಕೆಯ ಲೋಕವೊಂದಿದೆ. ಜಡೆಯಿಂದ ಉತ್ತರಕ್ಕೆ ಹಾನಗಲ್ಲು ಸೀಮೆಯನ್ನು ದಾಟಿದರೆ ಶಿಗ್ಗಾವಿ ತಾಲ್ಲೂಕು. ಅಲ್ಲಿಯ ಶಿಶುನಾಳದಲ್ಲಿ 1819ರಲ್ಲಿ ಇಮಾಂ ಸಾಹೇಬ, ಹಜ್ಜೂಮಾ ದಂಪತಿಗೆ ಹುಟ್ಟಿದ ಮಗನೇ ನಮ್ಮೆಲ್ಲರ ಸಂತ ಶರೀಫರು. ಹುಲಗೂರಿನ ಖಾದರ್ ಷಾ ವಲಿಯ ಅನುಗ್ರಹದಿಂದ ಆ ಮಗು ಹುಟ್ಟಿತೆಂಬುದು ಜನರ ನಂಬಿಕೆ. ಮೊಹರಮ್ಮಿನಲ್ಲಿ ಮಕ್ಕಳಿಗೆ ಫಕೀರನ ವೇಷ ಹಾಕಿಸುವ ಹರಕೆ ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ರೂಢಿಯಲ್ಲಿದೆ. ಹಿಂದೂ ತಾಯಂದಿರೂ ಈ ಹರಕೆ ಹೊರುವುದುಂಟು. ಮಗುವಿನ ಹಣೆ ಬೆಚ್ಚಗಾದ ರಾತ್ರಿ ತಾಯಿಯ ಮೊರೆ ಯಾವ ಜಾತಿಯದು ಎಂದು ಕೇಳುವವರು ಯಾರು?

ಇಲ್ಲಿಯವರೆಗೆ ನಾವು ನೋಡಿದ್ದು ನಂಬಿಕೆಯನ್ನು ಹೊತ್ತು ತಂದ ತಾಯಿಯನ್ನು. ಅದೇ ತಾಯಿ ತನ್ನ ಮಗುವಿಗಾಗಿ ನ್ಯಾಯ ಕೇಳಲು ಬಂದಾಗ ಏನಾಯಿತು? ಚರಿತ್ರೆಯ ಕಠಿಣ ಪ್ರಶ್ನೆ ಇರುವುದು ಇಲ್ಲಿಯೇ.

ಹಜ್ ಯಾತ್ರಿಕರು ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಬಾರಿ ನಡೆಯುತ್ತಾರೆ. ಮರಳುಗಾಡಿನಲ್ಲಿ ಬಾಯಾರಿ ಅಳುತ್ತಿದ್ದ ಕೂಸು ಇಸ್ಮಾಯಿಲನಿಗಾಗಿ ನೀರು ಹುಡುಕುತ್ತ ಬೀಬಿ ಹಾಜರಾ ಓಡಿದ ನೆನಪು ಅದು. ಒಬ್ಬ ತಾಯಿಯ ತಳಮಳವನ್ನು ಗಂಡಸರೂ ಹೆಂಗಸರೂ ಹೆಜ್ಜೆ ಹೆಜ್ಜೆಗೂ ಅನುಸರಿಸುವುದು ಅಲ್ಲಿ ಆರಾಧನೆಯ ಭಾಗ. ಎರಡು ವರ್ಷ ತುಂಬುವವರೆಗೆ ಹಾಲೂಡುವ ವಿಚಾರವನ್ನು ಹೇಳುತ್ತ, ಆ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ಕುರಾನು ಮಗುವಿನ ತಂದೆಯ ಮೇಲೆ ಹೊರಿಸುತ್ತದೆ.

ಈ ಮಾತು ಗ್ರಂಥದಲ್ಲಿದೆ, ಊರಿನ ಪಂಚಾಯ್ತಿಯಲ್ಲಿ ಇದೆಯೇ ಎಂದು ಕೇಳಿದವರು ಬಾನು ಮುಷ್ತಾಕ್. 1948ರಲ್ಲಿ ಹಾಸನದಲ್ಲಿ ಹುಟ್ಟಿದ ಅವರಿಗೂ ಶಿವಮೊಗ್ಗಕ್ಕೂ ನಂಟಿದೆ. ಎಂಟು ವರ್ಷದ ಹುಡುಗಿಯನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಶನರಿ ಶಾಲೆಗೆ ಸೇರಿಸಿಕೊಂಡಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತು ಹಾಕಲಾಗಿತ್ತು. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮುಂದೆ ತಾಯಿಯಾದ ಬಳಿಕ ಬಾಣಂತನದ ಖಿನ್ನತೆಯನ್ನು ಅನುಭವಿಸಿದುದನ್ನು ಅವರೇ ಹೇಳಿಕೊಂಡಿದ್ದಾರೆ. ಅವರ ‘ಕರಿ ನಾಗರಗಳು’ ಕಥೆಯ ಅಶ್ರಫ್, ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಬಡವಿ. ಕಾಯಿಲೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ನ್ಯಾಯಕ್ಕಾಗಿ ಮಸೀದಿಯಲ್ಲಿ ಹೋಗಿ ಕೂರುತ್ತಾಳೆ. ಅವಳು ಕೇಳುವುದು ಧರ್ಮವೇ ಕೊಟ್ಟ ಹಕ್ಕನ್ನು. ಹಾಜರಾಳ ಹೆಜ್ಜೆಯನ್ನು ಪವಿತ್ರವೆಂದು ಬಗೆದ ಜನರ ನಡುವೆ ಅವಳ ಮಾತಿಗೆ ಕಿವಿಗೊಡಬೇಕಾದ ಮುತವಲ್ಲಿಯೇ ಕಿವುಡಾಗುತ್ತಾನೆ. ತೀರ್ಥಹಳ್ಳಿ ಸೀಮೆಯವರೇ ಆದ ಗಿರೀಶ ಕಾಸರವಳ್ಳಿಯವರು 2004ರಲ್ಲಿ ಈ ಕಥೆಯನ್ನು ‘ಹಸೀನಾ’ ಚಿತ್ರವಾಗಿಸಿದರು. ಅದರ ನಾಯಕಿ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಸಂದಿತು.

ಇದಕ್ಕೂ ಮೊದಲೇ, 1980ರ ದಶಕದಲ್ಲಿ, ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936-2023) ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ಮೂಲಕ, ಗಂಡಸರ ಹಟಕ್ಕೆ ಸಿಕ್ಕಿ ಕೂಸಿನಿಂದ ದೂರವಾದ ತಾಯಿಯ ಸಂಕಟವನ್ನು ಕನ್ನಡಿಗರ ಮುಂದಿಟ್ಟಿದ್ದರು. ಈ ಲೇಖಕಿಯರು ಧರ್ಮವನ್ನು ಬಿಟ್ಟು ಬನ್ನಿರೆಂದು ಹೇಳಲಿಲ್ಲ. ಧರ್ಮವನ್ನು ಮಕ್ಕಳಿಗೆ ಕಲಿಸಿದವಳಿಗೆ ಅದರ ಅರ್ಥ ಹೇಳುವ ಅಧಿಕಾರವೇಕಿಲ್ಲ ಎಂದು ಕೇಳಿದರು. ಕೇಳಿದ್ದಕ್ಕೆ ಬೆಲೆಯನ್ನೂ ತೆತ್ತರು. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದ ಬಾನು ಅವರ ಕುಟುಂಬ 2000ದಲ್ಲಿ ತಿಂಗಳುಗಟ್ಟಲೆ ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು.

ಕಾಲ ನಿಂತಿಲ್ಲ. ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟು 2017ರಲ್ಲಿ ರದ್ದುಪಡಿಸಿತು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಎಲ್ಲರಂತೆ ಜೀವನಾಂಶ ಕೇಳಬಹುದೆಂದು 2024ರ ಜುಲೈಯಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಬಾನು ಅವರ ಹನ್ನೆರಡು ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದ ಕೃತಿಯೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು.

ಆದರೆ ಪ್ರಶಸ್ತಿ, ತೀರ್ಪುಗಳು ತಲುಪದ ಮನೆಗಳು ಬಹಳ. ಆದ್ದರಿಂದ ಓದುಗರಾದ ನಿಮ್ಮಲ್ಲಿ ಒಂದು ಬಿನ್ನಹ. ಜಡೆಯಲ್ಲಿಯೋ ಶಿರಾಳಕೊಪ್ಪದಲ್ಲಿಯೋ ನಿಮ್ಮದೇ ಊರಿನಲ್ಲಿಯೋ ನೆರೆಮನೆಯ ಅಜ್ಜಿಯನ್ನು, ನಾನೀಮಾಳನ್ನು ಮಾತನಾಡಿಸಿ. ತೊಟ್ಟಿಲ ಬಳಿ ಏನು ಹಾಡುತ್ತಿದ್ದಿರಿ, ಮಗುವಿಗೆ ಜ್ವರ ಬಂದಾಗ ಯಾರಿಗೆ ಹರಕೆ ಹೊತ್ತಿರಿ, ನಿಮ್ಮ ಮಾತನ್ನು ಯಾರು ಕೇಳಲಿಲ್ಲ ಎಂದು ವಿಚಾರಿಸಿ, ಬರೆದಿಟ್ಟುಕೊಳ್ಳಿ. ಕಲ್ಲಿನ ಮೇಲೆ ಬರೆದುದು ನೂರಾರು ವರ್ಷ ಉಳಿದೀತು. ನೆನಪಿನಲ್ಲಿರುವುದು ಆ ಅಜ್ಜಿಯೊಡನೆಯೇ ಹೋಗುತ್ತದೆ.